ಕುರ್ಚಿ ಬಿಟ್ಟೇಳಲು ಎರಡು ನಿಮಿಷ

ಹುಳಿಯಾರಿನಂತಹ ಹೋಬಳಿ ಕೇಂದ್ರದ ಯಾವುದೇ ಸರ್ಕಾರಿ ಕಚೇರಿಯ ಮುಂದೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿದರೆ ಒಂದು ಕೌಂಟರಿನ ಎರಡು ಬದಿಗಳು ಕಾಣುತ್ತವೆ. ಹೊರಬದಿಯಲ್ಲಿ ಸುತ್ತಲ ಹಳ್ಳಿಗಳಿಂದ ಬಂದವರ ಸಾಲು: ಪಹಣಿ ಬೇಕಾದ ತೆಂಗು ಬೆಳೆಗಾರ, ಮಗಳ ವಿದ್ಯಾರ್ಥಿವೇತನಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾದ ತಾಯಿ, ಪಿಂಚಣಿ ಏಕೆ ನಿಂತಿತೆಂದು ಕೇಳಲು ಬಂದ ವೃದ್ಧ. ಒಳಬದಿಯಲ್ಲಿ ಗಣಕಯಂತ್ರದ ಮುಂದೆ ಕುಳಿತ ಒಬ್ಬ ನೌಕರ. ಹೊರಗಿನವರು ಗಂಟೆಗಟ್ಟಲೆ ನಿಂತಿರುತ್ತಾರೆ. ಒಳಗಿನವರು ಗಂಟೆಗಟ್ಟಲೆ ಕುಳಿತಿರುತ್ತಾರೆ. ನಿಂತವರ ಬವಣೆಯ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ, ಬರೆಯಲೇಬೇಕು. ಕುಳಿತವರ ಬಗ್ಗೆ ಬರೆಯುವವರು ವಿರಳ. ಕುಳಿತುಕೊಳ್ಳುವುದೂ ಒಂದು ಕಷ್ಟವೆಂದು ನಾವು ಎಣಿಸಿದವರೇ ಅಲ್ಲ.

ಆ ನೌಕರ ಒಂದು ಗಳಿಗೆ ಎದ್ದು ಹೋದರೆ ಸಾಲಿನಿಂದ ಬರುವ ಮಾತು ಎಲ್ಲರಿಗೂ ಪರಿಚಿತ: ‘ಈ ಸ್ವಾಮಿ ಸೀಟಲ್ಲೇ ಇರಲ್ವಲ್ಲ!’ ಈ ಅಸಹನೆಗೆ ಕಾರಣವಿಲ್ಲದಿಲ್ಲ. ಕುರ್ಚಿಯ ಮೇಲೆ ಟವೆಲ್ಲೋ ಕೋಟೋ ಹಾಕಿ ಮಾಯವಾಗುವ ಗುಮಾಸ್ತನ ಕಥೆಗಳನ್ನು ನಮ್ಮ ಹಿರಿಯರು ಅನುಭವದಿಂದಲೇ ಹೇಳಿದ್ದಾರೆ. ಆ ಅನುಭವದಿಂದ ಹುಟ್ಟಿದ ಅಳತೆಗೋಲೊಂದು ಇಂದಿಗೂ ಉಳಿದಿದೆ. ಸೀಟಿನಲ್ಲಿದ್ದರೆ ಪ್ರಾಮಾಣಿಕ, ಇಲ್ಲದಿದ್ದರೆ ಸೋಮಾರಿ. ಬೆರಳಚ್ಚಿನ ಹಾಜರಾತಿ, ಕ್ಯಾಮೆರಾ ಕಣ್ಗಾವಲು ಇವೆಲ್ಲ ಆ ಅಳತೆಗೋಲನ್ನು ಇನ್ನಷ್ಟು ಬಿಗಿ ಮಾಡಿವೆಯೇ ಹೊರತು ಬದಲಿಸಿಲ್ಲ.

ಆದರೆ ಸಾಲಿನಲ್ಲಿ ನಿಂತ ರೈತನಿಗೆ ನಿಜಕ್ಕೂ ಬೇಕಾಗಿರುವುದು ಆ ನೌಕರನ ದೇಹವಲ್ಲ, ಅವನ ಗಮನ. ಸರ್ವೆ ನಂಬರಿನ ಒಂದು ಅಂಕಿ ಹಿಂದುಮುಂದಾದರೆ, ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ತೆಂಗಿದ್ದಲ್ಲಿ ರಾಗಿ ಎಂದು ಬೆಳೆ ಕಾಲಂನಲ್ಲಿ ನಮೂದಾದರೆ ಅದನ್ನು ಸರಿಪಡಿಸಿಕೊಳ್ಳಲು ಆತ ತಿಂಗಳುಗಟ್ಟಲೆ ಅಲೆಯಬೇಕು. 2024ರ ಆರಂಭದಲ್ಲಿ ನಾಫೆಡ್ ಮೂಲಕ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ನಡೆದಾಗ ತಿಪಟೂರು ಸೀಮೆಯ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿ ನಿಂತಿದ್ದು ನೆನಪಿರಬಹುದು. ಆ ವರ್ಷ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಒಂದು ವರ್ಷ ಅಟ್ಟದಲ್ಲಿ ಒಣಗಿದ ಕೊಬ್ಬರಿಯ ಬೆಲೆ ಕೊನೆಗೆ ಬಂದು ನಿಲ್ಲುವುದು ಯಾರೋ ಒಬ್ಬರು ಕುಳಿತು ತುಂಬುವ ಒಂದು ನಮೂನೆಯ ಮೇಲೆ. ಆ ಒಬ್ಬರ ಮಿದುಳು ಮಧ್ಯಾಹ್ನ ಮೂರೂವರೆಗೆ ಎಷ್ಟು ಚುರುಕಾಗಿದೆ ಎಂಬುದು ಆದ್ದರಿಂದ ಅವರ ಸ್ವಂತ ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ, ಸಾರ್ವಜನಿಕ ಹಿತದ ಪ್ರಶ್ನೆಯೂ ಹೌದು.

ಎಡೆಬಿಡದೆ ಕುಳಿತು ಮಾಡುವ ಕೆಲಸ ದೇಹಕ್ಕೆ ಕೇಡೆಂಬುದು ಹೊಸ ಮಾತಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1700ರಲ್ಲೇ ವೃತ್ತಿಜನ್ಯ ರೋಗಗಳ ಕುರಿತು ಬರೆದ ಗ್ರಂಥದಲ್ಲಿ ಕುಳಿತು ದುಡಿಯುವವರಿಗೆ ಪ್ರತ್ಯೇಕ ಗಮನ ನೀಡಿದ್ದ. ಮುಂದೆ ಲಿಪಿಕಾರರ ಬಗ್ಗೆ ಬರೆಯುತ್ತ ಅವರ ಕಷ್ಟಕ್ಕೆ ಮೂರು ಕಾರಣಗಳನ್ನು ಗುರುತಿಸಿದ: ನಿರಂತರ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಒತ್ತಡ. ಇಂದಿನ ಡೇಟಾ ಎಂಟ್ರಿ ನೌಕರನ ದಿನಚರಿಯನ್ನು ವಿವರಿಸಲು ಈ ಮೂರಕ್ಕೆ ಹೆಚ್ಚೇನೂ ಸೇರಿಸಬೇಕಾಗಿಲ್ಲ. ಅನಂತರ 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತ ಟಿಕೆಟ್ ಹರಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಸಂಸ್ಥೆ ಒಂದೇ, ಬಸ್ಸು ಒಂದೇ. ಒಬ್ಬ ಕುಳಿತಿದ್ದ, ಇನ್ನೊಬ್ಬ ಓಡಾಡುತ್ತಿದ್ದ.

ಹೃದಯದ ಕಥೆ ಹೀಗಾದರೆ ಮಿದುಳಿನದೇನು? ನಮ್ಮ ಮಿದುಳಿನ ತೂಕ ದೇಹದ ತೂಕದ ಶೇ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದ ಸುಮಾರು ಶೇ 20ರಷ್ಟನ್ನು ಅದು ಪಡೆಯುತ್ತದೆ. ಅದನ್ನು ಹೊತ್ತು ತರಬೇಕಾದುದು ರಕ್ತ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿಕೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಈ ಪಂಪು ನಿಂತುಹೋಗುತ್ತದೆ. ರಕ್ತ ಕಾಲಿನಲ್ಲಿ ಮಡುಗಟ್ಟುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ಮೇಜಿನ ಕೆಲಸ ಮಾಡುವ 15 ಮಂದಿ ಆರೋಗ್ಯವಂತರನ್ನು ಅವರು ಮೂರು ಬೇರೆ ಬೇರೆ ದಿನ ನಾಲ್ಕು ಗಂಟೆ ಕುಳ್ಳಿರಿಸಿದರು. ಒಂದು ದಿನ ಏಳುವಂತೆಯೇ ಇರಲಿಲ್ಲ. ಇನ್ನೊಂದು ದಿನ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಧಾನ ನಡಿಗೆ. ಮತ್ತೊಂದು ದಿನ ಎರಡು ಗಂಟೆಗೊಮ್ಮೆ ಎಂಟು ನಿಮಿಷ ನಡಿಗೆ. ಏಳದೇ ಕುಳಿತ ದಿನ ಮಿದುಳಿಗೆ ಹರಿಯುವ ರಕ್ತದ ವೇಗ ತಗ್ಗಿತು. ಅರ್ಧ ಗಂಟೆಗೊಮ್ಮೆ ಎದ್ದ ದಿನ ತಗ್ಗಲಿಲ್ಲ. ಎರಡು ಗಂಟೆಗೊಮ್ಮೆ ಒಟ್ಟಿಗೇ ಎಂಟು ನಿಮಿಷ ನಡೆದರೆ ಅದೇ ಪ್ರಯೋಜನ ದೊರೆಯಲಿಲ್ಲ. ನಡಿಗೆಯ ಒಟ್ಟು ಹೊತ್ತು ಎರಡೂ ದಿನ ಒಂದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಕುಳಿತ ಅವಧಿ ಬೆಳೆಯದಂತೆ ಆಗಾಗ ತುಂಡರಿಸುವುದೇ ಮುಖ್ಯವೆಂಬುದು ಇದರ ಸೂಚನೆ.

ರಕ್ತದ ಹರಿವಿನ ಜೊತೆಗೆ ಸಕ್ಕರೆಯ ಲೆಕ್ಕವೂ ಇದೆ. ಮುದ್ದೆಯೋ ಅನ್ನವೋ ಉಂಡು ಕುರ್ಚಿಗೆ ಮರಳಿದವರ ರಕ್ತದಲ್ಲಿ ಸಕ್ಕರೆಯ ಅಂಶ ಏರುತ್ತದೆ. ಅದನ್ನು ಹೀರಿಕೊಳ್ಳಬೇಕಾದ ತೊಡೆ, ಕಾಲಿನ ದೊಡ್ಡ ಸ್ನಾಯುಗಳು ಆಗ ಕೆಲಸವಿಲ್ಲದೆ ಬಿದ್ದಿರುತ್ತವೆ. ಆಸ್ಟ್ರೇಲಿಯಾದಲ್ಲಿ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ನಡೆಸಿದ ಅಧ್ಯಯನದಲ್ಲಿ 20 ನಿಮಿಷಕ್ಕೊಮ್ಮೆ ಎರಡು ನಿಮಿಷ ನಡೆದವರಲ್ಲಿ ಊಟದ ನಂತರದ ಸಕ್ಕರೆ ಮತ್ತು ಇನ್ಸುಲಿನ್ ಪ್ರಮಾಣ ಕಡಿಮೆಯಿತ್ತು. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆದರೆ ಊಟದ ನಂತರದ ಸಕ್ಕರೆಯ ಏರಿಕೆ ಅರ್ಧಕ್ಕಿಂತಲೂ ಹೆಚ್ಚು ತಗ್ಗುವುದನ್ನು ಕಂಡಿತು. ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವ ನಮ್ಮಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ.

ಯೋಚನಾಶಕ್ತಿಯ ಮೇಲಿನ ನೇರ ಪರಿಣಾಮ ಅಳೆದ ಪ್ರಯೋಗಗಳ ಫಲಿತಾಂಶ ಇಷ್ಟು ಏಕರೂಪವಾಗಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 55ರಿಂದ 80 ವರ್ಷದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಬೆಳಗಿನ ವ್ಯಾಯಾಮದ ಜೊತೆಗೆ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ನಡೆದವರಲ್ಲಿ, ದಿನವಿಡೀ ಕುಳಿತಾಗಿಗಿಂತ, ಕೈಯಲ್ಲಿರುವ ಕೆಲಸದ ವಿವರಗಳನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಉತ್ತಮವಾಗಿತ್ತು. ಇನ್ನೊಂದೆಡೆ, 2016ರ ಅಮೆರಿಕದ ಪ್ರಯೋಗವೊಂದರಲ್ಲಿ ಗಂಟೆಗೊಮ್ಮೆ ಐದು ನಿಮಿಷ ನಡೆದವರ ಉತ್ಸಾಹ ಹೆಚ್ಚಿತು, ಆಯಾಸ ತಗ್ಗಿತು. ಆದರೆ ಬುದ್ಧಿಯ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ಕುಳಿತ ಮಾತ್ರಕ್ಕೆ ಬುದ್ಧಿ ಮಂಕಾಗುತ್ತದೆಂದು ಹೆದರಿಸುವುದು ವಿಜ್ಞಾನವಲ್ಲ. ಆದರೆ ಆಯಾಸಗೊಂಡ, ತೂಕಡಿಸುವ ಮನಸ್ಸು ಅಂಕಿಗಳನ್ನು ತಪ್ಪು ಓದುತ್ತದೆ ಎಂಬುದನ್ನು ಸಾಬೀತುಪಡಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ.

ಒಂದು ದಿನದ ಬದಲು ಮೂವತ್ತು ವರ್ಷಗಳ ಸೇವಾವಧಿಯನ್ನು ಲೆಕ್ಕ ಹಾಕಿದರೆ ಪ್ರಶ್ನೆ ಗಂಭೀರವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರ 2018ರಲ್ಲಿ 45ರಿಂದ 75 ವಯಸ್ಸಿನ 35 ಮಂದಿಯ ಮಿದುಳಿನ ಚಿತ್ರಗಳನ್ನು ಪರಿಶೀಲಿಸಿದಾಗ, ಹೆಚ್ಚು ಹೊತ್ತು ಕುಳಿತಿರುವವರಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ತೆಳುವಾಗಿರುವುದು ಕಂಡುಬಂತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ಬ್ರಿಟನ್ನಿನ 60 ದಾಟಿದ ಸುಮಾರು 50 ಸಾವಿರ ಜನರ ಚಲನವಲನವನ್ನು ಮಣಿಕಟ್ಟಿನ ಸಾಧನದಿಂದ ಅಳೆದ 2023ರ ಅಧ್ಯಯನದಲ್ಲಿ, ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ನಿಶ್ಚಲರಾಗಿರುವವರಲ್ಲಿ ಮರೆಗುಳಿ ರೋಗದ ಅಪಾಯ ಏರುತ್ತ ಹೋಯಿತು. ಅಲ್ಲಿ ಬಿಡುವುಗಳಿಗಿಂತ ಒಟ್ಟು ಗಂಟೆಗಳೇ ಹೆಚ್ಚು ಮುಖ್ಯವಾಗಿದ್ದವು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಏಳುವುದು ಮಾತ್ರವಲ್ಲ, ಕುಳಿತಿರುವ ಒಟ್ಟು ಹೊತ್ತನ್ನು ಕಡಿಮೆ ಮಾಡುವುದೂ ಗುರಿಯಾಗಬೇಕು.

ಇದೇ ಸಂಶೋಧಕರ 2022ರ ಇನ್ನೊಂದು ಅಧ್ಯಯನ ಒಂದು ಸೂಕ್ಷ್ಮವನ್ನು ತೋರಿಸಿತು. ಟಿ.ವಿ. ಮುಂದೆ ಕುಳಿತ ಹೊತ್ತು ಮರೆಗುಳಿತನದ ಅಪಾಯವನ್ನು ಹೆಚ್ಚಿಸುವುದರೊಂದಿಗೆ ತಳಕು ಹಾಕಿಕೊಂಡಿದ್ದರೆ, ಗಣಕಯಂತ್ರದ ಮುಂದೆ ಕುಳಿತ ಹೊತ್ತು ಅಪಾಯ ಕಡಿಮೆಯಾಗುವುದರೊಂದಿಗೆ ತಳಕು ಹಾಕಿಕೊಂಡಿತ್ತು. ಮನಸ್ಸು ದುಡಿಯುತ್ತಿರುವಾಗಿನ ಆಸನಕ್ಕೂ ಮನಸ್ಸು ಮಲಗಿರುವಾಗಿನ ಆಸನಕ್ಕೂ ವ್ಯತ್ಯಾಸವಿದೆ. ಓದುವವರೂ ಬರೆಯುವವರೂ ಕುರ್ಚಿಯನ್ನು ಕಂಡು ಬೆಚ್ಚಬೇಕಾಗಿಲ್ಲ. ಆದರೆ ಒಂದೇ ನಮೂನೆಯನ್ನು ದಿನಕ್ಕೆ ನೂರು ಬಾರಿ ತುಂಬುವ ಕೆಲಸ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಿಕೊಳ್ಳಬೇಕಾಗಿದೆ.

ನಮ್ಮ ದೇಶದ ಚಿತ್ರವೂ ಸಮಾಧಾನ ತರುವಂತಿಲ್ಲ. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದೂ ಮಹಿಳೆಯರಲ್ಲಿ ಈ ಪ್ರಮಾಣ ಶೇ 57ರಷ್ಟೆಂದೂ ‘ಲ್ಯಾನ್ಸೆಟ್’ ಸಮೂಹದ ನಿಯತಕಾಲಿಕೆಯ ವರದಿ 2024ರಲ್ಲಿ ಅಂದಾಜಿಸಿತು. ಅರುವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಮರೆಗುಳಿ ರೋಗದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಹೇಳಿದೆ. ನಗರಕ್ಕಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಈ ಪ್ರಮಾಣ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿರುವುದು ನಮ್ಮ ನೆಲದ ಉತ್ತರಗಳನ್ನು ನಾವೇ ಹುಡುಕಿಕೊಳ್ಳುವ ಸ್ವಾಗತಾರ್ಹ ಹೆಜ್ಜೆ. ಮರೆಗುಳಿತನದ ಹದಿನಾಲ್ಕು ಕಾರಣಗಳನ್ನು ಬದಲಿಸಲು ಸಾಧ್ಯವಿದೆ ಎಂದು ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದು 2024ರಲ್ಲಿ ಪಟ್ಟಿ ಮಾಡಿದೆ. ದೈಹಿಕ ನಿಷ್ಕ್ರಿಯತೆ ಅವುಗಳಲ್ಲೊಂದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಕೂಡ ಅದೇ ಪಟ್ಟಿಯಲ್ಲಿವೆ. ಕುರ್ಚಿ ಈ ನಾಲ್ಕಕ್ಕೂ ನೆಂಟ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ದುಡಿಮೆ ದೇಹದಿಂದ ಕಳಚಿಕೊಂಡ ಬಗೆ ಸ್ಪಷ್ಟವಾಗಿ ಕಾಣುತ್ತದೆ. ಕೊಬ್ಬರಿ ಎಂಬುದು ಆಮೂಲಾಗ್ರವಾಗಿ ದೇಹಶ್ರಮದ ಬೆಳೆ. ಮರ ಹತ್ತಬೇಕು, ಕಾಯಿ ಕೆಡವಬೇಕು, ಹೊರಬೇಕು, ಅಟ್ಟಕ್ಕೆ ಏರಿಸಬೇಕು. ಹತ್ತು–ಹನ್ನೆರಡು ತಿಂಗಳು ಕಳೆದ ಮೇಲೆ ಇಳಿಸಿ ಸುಲಿಯಬೇಕು, ಉಂಡೆ ಒಡೆಯದಂತೆ ಕರಟ ಬಿಡಿಸಬೇಕು. ಮಂಡಿಯ ಗುಮಾಸ್ತ ಕುಳಿತೇ ಲೆಕ್ಕ ಬರೆಯುತ್ತಿದ್ದುದು ನಿಜ. ಆದರೆ ಆತ ಕುಳಿತಿದ್ದುದು ನೆಲದ ಗಾದಿಯ ಮೇಲೆ. ರಾಶಿ ನೋಡಲು, ತೂಕ ನೋಡಲು, ಬಂದ ರೈತನಿಗೆ ಲೆಕ್ಕ ಒಪ್ಪಿಸಲು ದಿನಕ್ಕೆ ಹತ್ತಾರು ಬಾರಿ ಎದ್ದು ಕೂರುತ್ತಿದ್ದ. ನೆಲದಿಂದ ಏಳುವುದೆಂದರೆ ಇಡೀ ಮೈಯನ್ನು ಎತ್ತಿದಂತೆ.

ನೆಲದಾಸನದ ಈ ಮಹತ್ವಕ್ಕೆ ದೂರದ ಆಫ್ರಿಕಾದಿಂದಲೂ ಒಂದು ಸಾಕ್ಷ್ಯವಿದೆ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಸಮುದಾಯದವರು ದಿನಕ್ಕೆ ಸುಮಾರು ಹತ್ತು ಗಂಟೆ ವಿರಮಿಸುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಂದರೆ ನಗರವಾಸಿಗಳಷ್ಟೇ ಹೊತ್ತು. ಆದರೆ ಅವರು ಬಹಳಷ್ಟು ಹೊತ್ತು ಕುಕ್ಕರುಗಾಲಿನಲ್ಲಿ, ನೆಲದ ಮೇಲೆ ಕೂರುತ್ತಾರೆ. ಆ ಭಂಗಿಯಲ್ಲಿ ಕಾಲಿನ ಸ್ನಾಯುಗಳು ಪೂರ್ತಿ ನಿದ್ರಿಸುವುದಿಲ್ಲ. ನಮ್ಮ ಅಜ್ಜಿಯರು ಈಳಿಗೆ ಮಣೆಯ ಮುಂದೆ ಕೂರುತ್ತಿದ್ದ ಭಂಗಿಯೂ ಇಂಥದೇ. ಹಳೆಯದೆಲ್ಲ ಚಿನ್ನವೆಂದು ಹೇಳುವುದು ಇದರ ಉದ್ದೇಶವಲ್ಲ. ಆ ಕಾಲದ ದುಡಿಮೆ ಮೈಮುರಿಯುವಂತಿತ್ತು, ಮಂಡಿನೋವು, ಬೆನ್ನುನೋವು ಧಾರಾಳವಾಗಿದ್ದವು. ಚಲನೆಯು ಕೆಲಸದೊಳಗೇ ಬೆರೆತಿತ್ತು, ಅದನ್ನು ಪ್ರತ್ಯೇಕವಾಗಿ ನೆನಪಿಸಿಕೊಳ್ಳಬೇಕಾಗಿರಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಗಣಕೀಕರಣ ಆ ಬೆರಕೆಯನ್ನು ಬೇರ್ಪಡಿಸಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರ ಸೇರಿದವು. ಗ್ರಾಮ ಲೆಕ್ಕಿಗರ ಕೈಬರಹದ ದಫ್ತರಕ್ಕೆ ಕಾಯುವ, ಕೈಬಿಸಿ ಮಾಡುವ ಬವಣೆ ಬಹಳಷ್ಟು ತಪ್ಪಿತು. 2014ರಲ್ಲಿ ಕೃಷಿ ಮಾರುಕಟ್ಟೆಗಳಿಗೆ ಏಕೀಕೃತ ಆನ್‌ಲೈನ್ ವೇದಿಕೆ ಬಂತು. ರಾಶಿಯಿಂದ ರಾಶಿಗೆ ನಡೆದು ಕೂಗುತ್ತಿದ್ದ ಹರಾಜು ಪರದೆಯ ಮೇಲಿನ ಟೆಂಡರ್ ಆಯಿತು. ಕಡತ ಹೊತ್ತು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಜವಾನನ ಹೆಜ್ಜೆಗಳನ್ನು ಇ–ಕಚೇರಿ ಉಳಿಸಿತು. ಇವೆಲ್ಲ ಬೇಕಾಗಿದ್ದ ಸುಧಾರಣೆಗಳೇ. ಇವುಗಳಿಂದ ಹಿಂದೆ ಸರಿಯಬೇಕೆಂದು ವಿವೇಕಿಗಳಾರೂ ಹೇಳಲಾರರು. ಆದರೆ ಪ್ರತಿಯೊಂದು ಸುಧಾರಣೆಯೂ ಯಾರದೋ ಒಂದಿಷ್ಟು ಹೆಜ್ಜೆಗಳನ್ನು ಕಳೆಯಿತು. ಕಳೆದ ಹೆಜ್ಜೆಗಳ ಲೆಕ್ಕವನ್ನು ಯಾವ ಯೋಜನಾ ವರದಿಯೂ ಇಡಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಮುಖ್ಯವಾದುದು ಮೇಲಿಂದ ಮೇಲೆ ಹೇರಲಾದ ಹತ್ತಾರು ಆ್ಯಪ್‌ಗಳ ಹೊರೆ. ಜೊತೆಗೇ ಅವರು ಕೇಳಿದ್ದು ಒಳ್ಳೆಯ ಮೇಜು, ಕುರ್ಚಿ, ಲ್ಯಾಪ್‌ಟಾಪ್. ಕುಳಿತೇ ಮಾಡಬೇಕಾದ ಕೆಲಸವನ್ನು ದಿನೇ ದಿನೇ ಹೆಚ್ಚಿಸುತ್ತ, ಸರಿಯಾಗಿ ಕೂರಲು ಒಂದು ಕುರ್ಚಿಯನ್ನೂ ಕೊಡದ ವ್ಯವಸ್ಥೆಯಿಂದ ನಡುನಡುವೆ ಏಳುವ ಅವಕಾಶವನ್ನು ನಿರೀಕ್ಷಿಸುವುದು ಸುಲಭವಲ್ಲ.

ಇದಕ್ಕೆ ಆಳವಾದ ಕಾರಣವೊಂದಿದೆ. ನಮ್ಮ ಸಮಾಜದಲ್ಲಿ ಕುಳಿತುಕೊಳ್ಳುವುದು ಬರೀ ಭಂಗಿಯಲ್ಲ, ಸ್ಥಾನಮಾನ. ಶಾಲೆಯಲ್ಲಿ ತಪ್ಪು ಮಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ಜಾಣ ಮಗು ಕೈಕಟ್ಟಿ ಕುಳಿತಿರುತ್ತದೆ. ಸಾಹೇಬರ ಮುಂದೆ ನಿಲ್ಲುವುದು ವಿಧೇಯತೆ, ಕೂರಲು ಹೇಳಿಸಿಕೊಳ್ಳುವುದು ಮರ್ಯಾದೆ. ಯಾರ ಮುಂದೆ ಯಾರು ಕೂರಬಹುದು ಎಂಬುದರಲ್ಲಿ ಜಾತಿಯ ಇತಿಹಾಸವೇ ಅಡಗಿದೆ. ತಲೆಮಾರುಗಟ್ಟಲೆ ನಿಂತೇ ಇರಬೇಕಾಗಿ ಬಂದ ಸಮುದಾಯದ ಯುವಕನೊಬ್ಬ ಕಚೇರಿಯ ಕುರ್ಚಿಯಲ್ಲಿ ಕೂತಾಗ ಅದು ನಿಜವಾದ ಗೆಲುವು. ಬರಗಾಲ ಮತ್ತು ರೋಗದಿಂದ ತೆಂಗು ಸೊರಗಿದ ವರ್ಷಗಳಲ್ಲಿ ‘ನಮ್ಮ ಪಾಡು ನಮಗೇ ಸಾಕು, ಮಕ್ಕಳಾದರೂ ನೆರಳಲ್ಲಿ ಕೂತು ದುಡಿಯಲಿ’ ಎಂದು ಕೊಬ್ಬರಿ ಮಾರಿದ ಹಣದಲ್ಲಿ ಓದಿಸಿದ ತಂದೆ–ತಾಯಿಯರ ಆಸೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದ್ದರಿಂದಲೇ ಕುರ್ಚಿಯ ಕೇಡಿನ ಮಾತು ನಮ್ಮಲ್ಲಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಆದರೆ ದುಡಿಮೆಗೆ ಕನ್ನಡ ಕೊಟ್ಟ ಅತ್ಯಂತ ಗೌರವದ ಹೆಸರು ‘ಕಾಯಕ’. ಆ ಹೆಸರಿನೊಳಗೇ ‘ಕಾಯ’ವಿದೆ. ಕಾಯವನ್ನು ಮರೆತ ಕಾಯಕ ಬಹುಕಾಲ ನಿಲ್ಲಲಾರದು.

ಹೀಗೆ ಓದಿ ಬೆಂಗಳೂರು ಸೇರಿದ ಮಕ್ಕಳ ಪಾಡೇನೂ ಬೇರೆಯಲ್ಲ. ಮನೆಯಿಂದ ಕ್ಯಾಬಿನಲ್ಲಿ ಕುಳಿತು ಹೋಗುವುದು, ಕಚೇರಿಯಲ್ಲಿ ಕುಳಿತು ದುಡಿಯುವುದು, ಸಂಚಾರ ದಟ್ಟಣೆಯಲ್ಲಿ ಕುಳಿತು ಮರಳುವುದು, ಮನೆಯಲ್ಲಿ ಕುಳಿತು ಪರದೆ ನೋಡುವುದು. ಇಂಥ ದುಡಿಮೆಯ ಅವಧಿಯನ್ನು ಇನ್ನಷ್ಟು ಹಿಗ್ಗಿಸುವ ಮಾತುಗಳು ಬೇರೆ. 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಉಪದೇಶ ಬಂತು. 2024ರ ಜುಲೈಯಲ್ಲಿ ಐ.ಟಿ. ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗಿನ ಕೆಲಸಕ್ಕೆ ಅವಕಾಶ ನೀಡುವ ಪ್ರಸ್ತಾವ ಕರ್ನಾಟಕದಲ್ಲೇ ಚರ್ಚೆಗೆ ಬಂದು ನೌಕರರ ಸಂಘಟನೆಗಳ ಪ್ರತಿರೋಧ ಎದುರಿಸಿತು. ದಿನಕ್ಕೆ ಹತ್ತು ಗಂಟೆ ದಾಟಿದ ನಿಶ್ಚಲತೆ ಏನು ಮಾಡಬಲ್ಲದೆಂಬ ಸೂಚನೆಗಳು ಎದುರಿಗಿರುವಾಗ, ಗಂಟೆಗಳನ್ನು ಕೂಡಿಸುತ್ತ ಹೋಗುವುದರಿಂದ ಉತ್ಪಾದಕತೆ ಹೆಚ್ಚುತ್ತದೆಂಬ ನಂಬಿಕೆ ‘ಸೀಟಿನಲ್ಲಿದ್ದರೆ ಪ್ರಾಮಾಣಿಕ’ ಎಂಬ ಹಳೆಯ ಅಳತೆಗೋಲಿನದೇ ಹೊಸ ಅವತಾರ.

ಇಲ್ಲಿ ಕೆಲವು ಆಕ್ಷೇಪಗಳು ಸಹಜ. ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ, ಎಂಟು ಗಂಟೆಗಿಂತ ಹೆಚ್ಚು ಕೂರುವವರ ಅಕಾಲಮರಣದ ಹೆಚ್ಚುವರಿ ಅಪಾಯ ಅಳಿಸಿಹೋಗಲು ದಿನಕ್ಕೆ 60ರಿಂದ 75 ನಿಮಿಷಗಳ ಬಿರುಸಾದ ನಡಿಗೆಯಂತಹ ಚಟುವಟಿಕೆ ಬೇಕು. ನಸುಕಿನಲ್ಲೆದ್ದು ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಕಚೇರಿಗೆ ಬರುವ ಮಹಿಳಾ ನೌಕರರಲ್ಲಿ ಎಷ್ಟು ಮಂದಿಗೆ ಅಷ್ಟು ಬಿಡುವುಂಟು? ವಾಕಿಂಗ್ ಒಳ್ಳೆಯದೇ, ಆದರೆ ಅದು ಬಿಡುವಿದ್ದವರ ಮದ್ದು.

ಹಾಗಾದರೆ ನಿಂತೇ ಕೆಲಸ ಮಾಡಿಸಿದರಾಯಿತಲ್ಲ ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಜವಳಿ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕಾಗಿದ್ದ ಮಹಿಳೆಯರು ಹೋರಾಡಿದ ಮೇಲೆ ಕೇರಳ 2018ರಲ್ಲಿ, ಅನಂತರ 2021ರಲ್ಲಿ ತಮಿಳುನಾಡು, ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆದವು. ನಿಂತು ದುಡಿಯುವ ಕಾರ್ಮಿಕರಿಗೆ ಅವಕಾಶ ದೊರೆತಾಗ ಕೂರಲು ಏರ್ಪಾಡಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ನಿಲ್ಲಬೇಕಾದವರಿಗೆ ಕೂರುವ ಹಕ್ಕು, ಕೂರಬೇಕಾದವರಿಗೆ ಏಳುವ ಹಕ್ಕು: ಎರಡೂ ಒಂದೇ ಮಾತಿನ ಎರಡು ಮುಖಗಳು. ದೇಹವನ್ನು ಒಂದೇ ಭಂಗಿಯಲ್ಲಿ ಕಟ್ಟಿಹಾಕುವುದೇ ಅಪರಾಧ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು. ಬಿಸಿಲಲ್ಲಿ ಮರ ಹತ್ತುವವನ, ತೆಂಗಿನ ಕಾರ್ಖಾನೆಗಳಲ್ಲಿ ದಿನವಿಡೀ ಕಾಯಿಯ ಸಿಪ್ಪೆ ಕೆರೆಯುವ ಹೆಣ್ಣುಮಕ್ಕಳ ಕಷ್ಟದ ಮುಂದೆ ಫ್ಯಾನಿನಡಿ ಕುಳಿತವನ ಕಷ್ಟ ಎಷ್ಟರದು? ಹೋಲಿಕೆಯಲ್ಲಿ ಅದು ಸಣ್ಣದೇ. ಆದರೆ ಕೌಂಟರಿನೊಳಗಿನ ಮಂಕುತನದ ದಂಡವನ್ನು ಕೊನೆಗೆ ತೆರುವವನು ಅದೇ ಮರ ಹತ್ತುವವನು. ತಪ್ಪಾಗಿ ನಮೂದಾದ ಪಹಣಿಯನ್ನು ಹಿಡಿದು ಮತ್ತೆ ಮತ್ತೆ ಬಸ್ಸು ಹತ್ತುವವರು ಬಡವರೇ. ಕುಳಿತವರ ಆರೋಗ್ಯಕ್ಕೂ ನಿಂತವರ ನ್ಯಾಯಕ್ಕೂ ನಂಟಿದೆ.

ಪರಿಹಾರ ದುಬಾರಿಯಾದುದಲ್ಲ. ಕೆಲಸದ ಸ್ಥಳದಲ್ಲಿ ಐದು ನಿಮಿಷದ ಯೋಗಕ್ಕೆಂದು ಕೇಂದ್ರದ ಆಯುಷ್ ಸಚಿವಾಲಯ 2021ರಲ್ಲೇ ‘ವೈ–ಬ್ರೇಕ್’ ಆ್ಯಪ್ ಹೊರತಂದಿತು. ಉದ್ದೇಶ ಒಳ್ಳೆಯದು. ಆದರೆ ಹೋಬಳಿ ಮಟ್ಟದಲ್ಲಿ, ಹೊರಗುತ್ತಿಗೆಯ ಮೇಲೆ ದುಡಿಯುವ ಒಬ್ಬನೇ ಆಪರೇಟರ್, ಹೊರಗೆ ನಲವತ್ತು ಜನ ಕಾದಿರುವಾಗ ಆ್ಯಪ್ ತೆರೆದು ಕೈಯೆತ್ತಿ ಯೋಗ ಮಾಡಲು ಸಾಧ್ಯವೇ? ನೌಕರನ ಸಂಕಲ್ಪಬಲಕ್ಕೆ ಬಿಟ್ಟರೆ ಇದು ಆಗದ ಕೆಲಸ. ಏಳುವುದು ಕೆಲಸದ ಏರ್ಪಾಡಿನಲ್ಲೇ ಸೇರಿರಬೇಕು.

ಅದಕ್ಕೆ ಮಾಡಬಹುದಾದುದು ಹಲವು. ಸಾಲಿನ ಬದಲು ಟೋಕನ್ ಕೊಟ್ಟು, ಹೊರಗೆ ನೆರಳು ಮತ್ತು ಬೆಂಚು ಹಾಕಿಸಿದರೆ ನಿಂತವರು ಕೂರಬಹುದು. ಒಳಗಿನವರು ಎರಡು ನಿಮಿಷ ಎದ್ದರೂ ಯಾರ ಸರದಿಯೂ ತಪ್ಪುವುದಿಲ್ಲ. ಪ್ರಿಂಟರನ್ನು ಕೈಗೆಟಕುವಲ್ಲಿ ಇಡದೆ ಕೋಣೆಯ ಆಚೆ ತುದಿಯಲ್ಲಿಟ್ಟರೆ ಪ್ರತಿ ಪ್ರಮಾಣಪತ್ರಕ್ಕೂ ನಾಲ್ಕು ಹೆಜ್ಜೆ ಸಿಗುತ್ತದೆ. ಇಬ್ಬರು ನೌಕರರಿರುವಲ್ಲಿ ಒಬ್ಬರು ದಾಖಲೆ ಪಡೆದು ಪರಿಶೀಲಿಸುವ, ಇನ್ನೊಬ್ಬರು ನಮೂದಿಸುವ ಕೆಲಸವನ್ನು ಗಂಟೆಗೊಮ್ಮೆ ಅದಲುಬದಲು ಮಾಡಿಕೊಂಡರೆ ಕಾಲಿಗೂ ಕಣ್ಣಿಗೂ ಬಿಡುವು, ತಪ್ಪು ಹಿಡಿಯಲು ಎರಡನೆಯ ಜೋಡಿ ಕಣ್ಣು. ಒಬ್ಬರೇ ಇರುವಲ್ಲಿ ಇನ್ನೊಬ್ಬರನ್ನು ನೇಮಿಸುವುದು ಸರ್ಕಾರದ ಹೊಣೆ. ಖಾಲಿ ಹುದ್ದೆಗಳನ್ನು ಖಾಲಿಯೇ ಬಿಟ್ಟು ಇರುವವರಿಗೆ ಆರೋಗ್ಯದ ಉಪದೇಶ ಮಾಡುವುದು ಕ್ರೌರ್ಯ. ಬ್ಯಾಂಕು, ವಿಮೆ, ಐ.ಟಿ. ಕಂಪನಿಗಳಿಗೆ ಇದಕ್ಕಿಂತ ಹೆಚ್ಚು ಅನುಕೂಲವಿದೆ. ಎತ್ತರ ಬದಲಿಸಬಹುದಾದ ಮೇಜು ಮತ್ತು ತಿಳಿವಳಿಕೆ ಎರಡನ್ನೂ ನೀಡಿದ ಇಂಗ್ಲೆಂಡಿನ ಆಸ್ಪತ್ರೆ ನೌಕರರಲ್ಲಿ ವರ್ಷದ ನಂತರವೂ ಕೂರುವ ಹೊತ್ತು ದಿನಕ್ಕೆ ಸುಮಾರು 80 ನಿಮಿಷ ತಗ್ಗಿದ್ದು, ಕೆಲಸದ ಆಯಾಸವೂ ಇಳಿದದ್ದು 2018ರ ಅಧ್ಯಯನದಲ್ಲಿ ದಾಖಲಾಗಿದೆ. ಶಾಲೆಗಳಂತೂ ಮಕ್ಕಳನ್ನು ನಿಲ್ಲಿಸುವುದು ಶಿಕ್ಷೆ ಎಂಬ ಪಾಠವನ್ನು ಇನ್ನಾದರೂ ಕೈಬಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದಿನಕ್ಕೆ ಇಂತಿಷ್ಟೇ ಗಂಟೆ ಕೂರಬಹುದೆಂಬ ಮಿತಿಯನ್ನು ಹಾಕಲಿಲ್ಲ. ಅದಕ್ಕೆ ಬೇಕಾದಷ್ಟು ಆಧಾರ ಇನ್ನೂ ಒದಗಿಲ್ಲವೆಂದಿತು. ಆದರೆ ಕೂರುವುದನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಎಷ್ಟೇ ಹಗುರವಾದ ಚಲನೆ ತಂದರೂ ಒಳಿತೆಂದು ಸ್ಪಷ್ಟವಾಗಿ ಹೇಳಿತು. ಕಾನೂನು ಮಾಡಲು ಇನ್ನಷ್ಟು ಪುರಾವೆ ಬೇಕಿರಬಹುದು. ಪ್ರಿಂಟರನ್ನು ಆಚೆ ಸರಿಸಲು ಇಷ್ಟು ಸಾಕು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ಹಿರಿಯರು ಎಚ್ಚರಿಸಿದ್ದು ಸೋಮಾರಿಯನ್ನು. ಕೂತೇ ದುಡಿಯಬೇಕಾದ ಕಾಲವೊಂದು ಬಂದು, ದುಡಿಮೆಗಾರನೇ ತನ್ನ ಕುಡಿಕೆಯನ್ನು ಬರಿದು ಮಾಡಿಕೊಳ್ಳುತ್ತಾನೆಂದು ಅವರು ಊಹಿಸಿರಲಾರರು. ಮುಂದಿನ ಬಾರಿ ಕೌಂಟರಿನಾಚೆಯ ನೌಕರ ಎದ್ದು ಕಿಟಕಿಯವರೆಗೆ ನಡೆದು ಹೋದರೆ, ‘ಸೀಟಲ್ಲೇ ಇರಲ್ಲ’ ಎನ್ನುವ ಮೊದಲು ಎರಡು ನಿಮಿಷ ತಾಳಿಕೊಳ್ಳೋಣ. ಮರಳಿ ಬಂದು ಕೂತಾಗ ಆತ ನಮ್ಮ ಸರ್ವೆ ನಂಬರನ್ನು ಸರಿಯಾಗಿ ಓದುವ ಸಾಧ್ಯತೆ ಹೆಚ್ಚು.